ಬೆಂಡು ಗಾಳಕ್ಕೆ ಎಂಥ ರೀಲ್ ಬೇಕು?

ಒಣಗಿದ ಜೋಳದ ದಂಟು ಸೀಳಿ, ಒಳಗಿನ ಬೆಂಡು ತೆಗೆದು, ದಾರಕ್ಕೆ ಸಿಕ್ಕಿಸಿ ಕೆರೆಗೆ ಹೋದವರು ನಮ್ಮಲ್ಲಿ ಊರಿಗೆ ಹತ್ತಾರು ಜನ ಇದ್ದಾರೆ. ಬಿದಿರ ಕಡ್ಡಿ, ಮೂರು ಮಾರು ದಾರ, ಒಂದು ಎರೆಹುಳು. ಬೆಂಡು ಎರಡು ಸಲ ಕುಣಿದು ಮುಳುಗಿತು ಎಂದರೆ ಜಿಲೇಬಿ (ತಿಲಾಪಿಯಾ) ಮೀನು ಬಂತು ಅಂತಲೇ ಅರ್ಥ. ಆ ಆಟಕ್ಕೆ ದಾರ ಸುತ್ತಿಡುವ ರೀಲ್ ಬೇಕಾಗಿಯೇ ಇರಲಿಲ್ಲ.

ರೀಲ್ ಬೇಕು ಅನ್ನಿಸುವುದು ಮೀನು ದೂರ ಹೋದಾಗ. ದಡದಲ್ಲಿ ನೀರು ಇಳಿದು ಕೆಸರು ಬಿಟ್ಟಿದೆ, ಕಟ್ಲಾ ಇಪ್ಪತ್ತೈದು ಮೀಟರ್ ಆಚೆ ಬಾಯಿ ತೆರೆದು ಗುಳ್ಳೆ ಬಿಡುತ್ತಿದೆ, ನಿಮ್ಮ ಕಡ್ಡಿ ಅಲ್ಲಿಗೆ ಮುಟ್ಟುವುದಿಲ್ಲ. ಆಗ ಅಂಗಡಿಗೆ ಹೋಗುತ್ತೀರಿ. ಅಲ್ಲಿ ಗಾಜಿನ ಕಪಾಟಿನಲ್ಲಿ ಐವತ್ತು ರೀಲ್ ಹೊಳೆಯುತ್ತಿರುತ್ತವೆ. ಒಂದರ ಮೇಲೆ ಹದಿಮೂರು ಬೇರಿಂಗ್ ಎಂದು ಬರೆದಿದೆ, ಇನ್ನೊಂದರ ಮೇಲೆ ಹತ್ತು ಕೆಜಿ ಡ್ರ್ಯಾಗ್ ಎಂದು. ಯಾವುದನ್ನು ನಂಬುವುದು?

ನಾನು ಬೆಂಡು ಕಟ್ಟಿ ಮೀನು ಹಿಡಿಯಲು ಶುರು ಮಾಡಿ ಬಹಳ ವರ್ಷಗಳಾದವು. ಅದರಲ್ಲಿ ಕಲಿತ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಬೆಂಡು ಗಾಳದಲ್ಲಿ ರೀಲಿನ ಮುಖ್ಯ ಕೆಲಸ ದಾರವನ್ನು ಸಲೀಸಾಗಿ ಬಿಡುವುದು. ಎಸೆಯುವಾಗ ಹಗುರ ಬೆಂಡಿನ ಹಿಂದೆ ದಾರ ತಡೆಯಿಲ್ಲದೆ ಹೋಗಬೇಕು. ಮೀನು ಓಡಿದಾಗ ಒಂದೇ ಹದದಲ್ಲಿ ಬಿಚ್ಚಿಕೊಳ್ಳಬೇಕು. ಸುತ್ತಿ ಎಳೆಯುವುದು ಎರಡನೇ ಕೆಲಸ. ಈ ಕಣ್ಣಿನಿಂದ ನೋಡಿದರೆ ಕಪಾಟಿನಲ್ಲಿರುವ ಅರ್ಧಕ್ಕರ್ಧ ರೀಲುಗಳು ತಾವಾಗಿಯೇ ಪಕ್ಕಕ್ಕೆ ಸರಿಯುತ್ತವೆ.

ಮೊದಲು ನೀರು ನೋಡಿ, ಆಮೇಲೆ ರೀಲ್

ಅಂಗಡಿಗೆ ಹೋಗುವ ಮುಂಚೆ ಒಂದು ದಿನ ಬರಿಗೈಯಲ್ಲಿ ಕೆರೆಗೆ ಹೋಗಿ ಬನ್ನಿ. ಮೂರು ವಿಷಯ ತಿಳಿದುಕೊಳ್ಳಿ: ಮೀನು ಎಷ್ಟು ದೂರದಲ್ಲಿದೆ, ನೀರು ಎಷ್ಟು ಆಳ, ಯಾವ ಮೀನು.

ಕಟ್ಲಾ ಮೇಲ್ನೀರಿನಲ್ಲಿ ಮೇಯುವ ಮೀನು. ರೋಹು ನಡುನೀರಿನದು, ಮೃಗಾಲ್ ತಳದ್ದು. ಸಾಮಾನ್ಯ ಗೆಂಡೆಯೂ ತಳದ ಕೆಸರು ಕೆದಕಿಯೇ ತಿನ್ನುತ್ತದೆ. ಬೆಂಡಿನ ಕೆಳಗೆ ಎಷ್ಟು ದಾರ ಬಿಡಬೇಕು ಎನ್ನುವುದು ಇದರಿಂದ ಗೊತ್ತಾಗುತ್ತದೆ. ಬರೀ ಜಿಲೇಬಿ ಸಾಕು, ಅದೂ ದಡದಿಂದ ನಾಲ್ಕೈದು ಮೀಟರಿನಲ್ಲೇ ಸಿಗುತ್ತದೆ ಅಂದರೆ ರೀಲ್ ಕೊಳ್ಳಲೇಬೇಡಿ. ಉದ್ದನೆಯ ಕಡ್ಡಿಯೇ ಚೆಂದ, ಮಕ್ಕಳಿಗಂತೂ ಅದೇ ಸರಿ.

ಇನ್ನೊಂದು ಮಾತು. ನಮ್ಮ ಬಹಳಷ್ಟು ಕೆರೆಗಳಲ್ಲಿ ಮೀನಿನ ಹಕ್ಕು ಗುತ್ತಿಗೆಗೆ ಹೋಗಿರುತ್ತದೆ. ಮರಿ ಬಿಟ್ಟು ಸಾಕಿದವರು ಅವರು. ಗುತ್ತಿಗೆದಾರರನ್ನೋ ಪಂಚಾಯಿತಿಯನ್ನೋ ಮೀನುಗಾರಿಕೆ ಇಲಾಖೆಯನ್ನೋ ಕೇಳಿ, ಒಪ್ಪಿಗೆ ಪಡೆದೇ ಕೂರಿ. "ಅಣ್ಣ, ಎರಡು ಗಂಟೆ ಕೂತ್ಕೊಂಡು ಹೋಗ್ತೀನಿ" ಎಂದು ಕೇಳಿದರೆ ಬೇಡ ಅನ್ನುವವರು ಕಡಿಮೆ. ಅವರಿಂದಲೇ ಯಾವ ಮೀನು ಎಷ್ಟು ತೂಕಕ್ಕೆ ಬಂದಿದೆ ಎನ್ನುವುದೂ ತಿಳಿಯುತ್ತದೆ. ಎಷ್ಟು ದಪ್ಪದ ದಾರ ಬೇಕು ಎಂದು ತೀರ್ಮಾನಿಸಲು ಅದಕ್ಕಿಂತ ಒಳ್ಳೆಯ ಮಾಹಿತಿ ಬೇರೆ ಇಲ್ಲ.

ದಾರದ ಲೆಕ್ಕ ಹೀಗಿಟ್ಟುಕೊಳ್ಳಿ. ಜಿಲೇಬಿ ಮತ್ತು ಸಣ್ಣ ಮೀನಿಗೆ 0.18 ಮಿಲಿಮೀಟರ್ ದಪ್ಪದ ನೈಲಾನ್ ಸಾಕು. ಒಂದೆರಡು ಕೆಜಿಯ ರೋಹು, ಗೆಂಡೆಗೆ 0.20ರಿಂದ 0.22. ಅದಕ್ಕಿಂತ ದೊಡ್ಡದು ಇದೆ, ಜೊತೆಗೆ ತಾವರೆ ಬಳ್ಳಿ, ಜೊಂಡು ಇದೆ ಅಂದರೆ 0.25 ಅಥವಾ 0.28. ಮೊದಲು ದಾರ ನಿರ್ಧಾರವಾಗಬೇಕು. ಆ ದಾರಕ್ಕೆ ಹೊಂದುವ ರೀಲನ್ನು ಆಮೇಲೆ ಹುಡುಕಬೇಕು. ಬಹಳ ಜನ ಇದನ್ನು ತಿರುಗಾಮುರುಗಾ ಮಾಡುತ್ತಾರೆ.

ಯಾವ ಜಾತಿಯ ರೀಲ್?

ನೂರಕ್ಕೆ ತೊಂಬತ್ತು ಜನಕ್ಕೆ ನನ್ನ ಉತ್ತರ ಸ್ಪಿನ್ನಿಂಗ್ ರೀಲ್. ರಾಡಿನ, ಅಂದರೆ ಗಾಳದ ಕಡ್ಡಿಯ, ಕೆಳಗೆ ತೂಗುವ, ಮುಂದೆ ದಾರ ಸುತ್ತುವ ಉರುಳೆ, ಅಂದರೆ ಸ್ಪೂಲ್ ಇರುವ, ತಂತಿಯ ಕಮಾನು ಮಗುಚಿ ಎಸೆಯುವ ರೀಲ್ ಇದು. ಇದರ ಉಪಾಯ ಬಂದದ್ದು ನೂಲಿನ ಗಿರಣಿಯಿಂದ. ಇಂಗ್ಲೆಂಡಿನ ಬ್ರಾಡ್‌ಫರ್ಡ್ ಉಣ್ಣೆ ಗಿರಣಿಗಳ ಊರು. ಅಲ್ಲಿನ ಆಲ್ಫ್ರೆಡ್ ಹೋಲ್ಡನ್ ಇಲ್ಲಿಂಗ್‌ವರ್ತ್ 1905ರಲ್ಲಿ ಇಂಥ ರೀಲಿಗೆ ಪೇಟೆಂಟ್ ಪಡೆದರು. ಕದಿರಿನ ತುದಿಯಿಂದ ನೂಲು ಹೇಗೆ ಸುಮ್ನೆ ಬಿಚ್ಚಿಕೊಳ್ಳುತ್ತದೋ ಹಾಗೆಯೇ ಇಲ್ಲಿ ದಾರ ಸ್ಪೂಲಿನ ತುದಿಯಿಂದ ಜಾರುತ್ತದೆ. ಎಸೆಯುವಾಗ ಸ್ಪೂಲ್ ತಿರುಗುವುದೇ ಇಲ್ಲ. ಹಾಗಾಗಿ ಮೂರು ನಾಲ್ಕು ಗ್ರಾಂ ತೂಕದ ಬೆಂಡೂ ದೂರ ಹೋಗುತ್ತದೆ. ಭಾರವಾದ ಸ್ಪೂಲನ್ನು ತಿರುಗಿಸುವ ಶಕ್ತಿ ಅಷ್ಟು ಹಗುರ ಬೆಂಡಿಗೆ ಎಲ್ಲಿಂದ ಬರಬೇಕು?

ರಾಡಿನ ಮೇಲೆ ಕೂರುವ ಬೈಟ್‌ಕಾಸ್ಟರ್ ರೀಲನ್ನು ಬೆಂಡು ಗಾಳಕ್ಕೆ ನಾನು ಹೇಳುವುದಿಲ್ಲ. ಕಾರಣ ಇದೇ. ಅದರಲ್ಲಿ ಎಸೆದ ತೂಕವೇ ಸ್ಪೂಲನ್ನು ತಿರುಗಿಸಬೇಕು. ಹಗುರ ಬೆಂಡಾದರೆ ದೂರ ಹೋಗುವುದಿಲ್ಲ, ಗಾಳಿಗೆ ಬೆಂಡು ತಡೆದರೂ ಸ್ಪೂಲ್ ತಿರುಗುತ್ತಲೇ ಇದ್ದು ದಾರ ಹಕ್ಕಿಗೂಡಾಗುತ್ತದೆ. ಅದು ಭಾರದ ಕೃತಕ ಎರೆ ಎಸೆಯುವವರ ರೀಲ್.

ಮುಚ್ಚಿದ ಮುಖದ ರೀಲ್ ಕೂಡ ಇದೆ. ಸ್ಪೂಲಿನ ಮೇಲೆ ಬಟ್ಟಲಿನಂಥ ಮುಚ್ಚಳ, ದಾರ ಬಿಡಿಸಲು ಒಂದು ಗುಂಡಿ. ಗಾಳಿಯ ದಿನ ಇದು ಬಹಳ ಅನುಕೂಲ, ದಾರ ಹಾರಾಡುವುದಿಲ್ಲ. ಸ್ವೀಡನ್ನಿನ ಆಬು ಕಂಪನಿಯ 506 ಎಂಬ ಇಂಥ ರೀಲನ್ನು ಇಂಗ್ಲೆಂಡಿನ ಸ್ಪರ್ಧೆ ಆಡುವವರು ಹೊಳೆಗಳಲ್ಲಿ ವರ್ಷಾನುಗಟ್ಟಲೆ ಬಳಸಿದರು. ಆದರೆ ದೊಡ್ಡ ಮೀನು ಬಿದ್ದರೆ ಇವುಗಳಲ್ಲಿ ದಾರ, ಅದನ್ನು ಹಿಡಿದು ಸುತ್ತುವ ಒಳಗಿನ ಪುಟ್ಟ ಗೂಟಕ್ಕೆ ಉಜ್ಜುತ್ತದೆ. ಅಗ್ಗದ ಪ್ಲಾಸ್ಟಿಕ್ ಮಾದರಿಗಳನ್ನು ಮಕ್ಕಳ ಆಟಕ್ಕೆ ಬಿಟ್ಟುಬಿಡಿ.

ಇನ್ನು ಸೆಂಟರ್‌ಪಿನ್. ಇದನ್ನು ನೋಡಿದರೆ ಗಾಳಿಪಟದ ಚರಕ ನೆನಪಾಗುತ್ತದೆ. ನಾಲ್ಕು ಇಂಚಿನಷ್ಟು ಅಗಲದ ಚಕ್ರ, ನಡುವೆ ಒಂದು ಅಚ್ಚು, ಅಷ್ಟೇ. ಗೇರ್ ಇಲ್ಲ, ಹಿಡಿ ಒಂದು ಸುತ್ತು ತಿರುಗಿದರೆ ಚಕ್ರವೂ ಒಂದೇ ಸುತ್ತು. ಟ್ರೆಂಟ್ ನದಿಯ ದಂಡೆಯ ನಾಟಿಂಗ್‌ಹ್ಯಾಮಿನಲ್ಲಿ ಬೆಳೆದ ರೀಲ್ ಇದು. ಹರಿಯುವ ನೀರಿನಲ್ಲಿ ಬೆಂಡನ್ನು ತೇಲಿಬಿಟ್ಟರೆ ನೀರಿನ ಎಳೆತಕ್ಕೇ ಚಕ್ರ ತಿರುಗಿ, ಬೆಂಡು ಹೊಳೆಯ ವೇಗದಲ್ಲೇ ಸಾಗುತ್ತದೆ. ಎರೆ ಸಹಜವಾಗಿ ತೇಲಿ ಬರುವುದರಿಂದ ಮೀನು ಅನುಮಾನ ಪಡುವುದಿಲ್ಲ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಸ್ಟೀಲ್‌ಹೆಡ್ ಮೀನಿಗೆ ಇವತ್ತಿಗೂ ಇದನ್ನೇ ಬಳಸುವವರಿದ್ದಾರೆ. ಅಲ್ಲಿ ನೆಲೆಸಿರುವ ನಮ್ಮವರು ಯಾರಾದರೂ ಹೊಳೆಗೆ ಹೋಗುವವರಾದರೆ ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ನಿಂತ ಕೆರೆ ನೀರಿಗೆ ಮಾತ್ರ ಇದು ಹೇಳಿ ಮಾಡಿಸಿದ್ದಲ್ಲ. ದೂರ ಎಸೆಯಲು ಕಲಿಯುವುದಕ್ಕೇ ತಿಂಗಳುಗಟ್ಟಲೆ ಹಿಡಿಯುತ್ತದೆ.

ಇಲ್ಲಿಂದ ಮುಂದೆ ಸ್ಪಿನ್ನಿಂಗ್ ರೀಲನ್ನೇ ಕೊಳ್ಳುತ್ತಿದ್ದೀರಿ ಎಂದುಕೊಂಡು ಹೇಳುತ್ತೇನೆ.

ಅಳತೆ

ರೀಲಿನ ಮೇಲೆ 1000, 2000, 2500, 3000, 4000 ಎಂದು ಬರೆದಿರುತ್ತದೆ. ನಮ್ಮ ಕೆರೆಗೆ 2500 ಅಥವಾ 3000 ಸರಿ. ಬರೀ ಸಣ್ಣ ಮೀನಾದರೆ 2000. ಎಲ್ಲ ಕಂಪನಿಯ 2500 ಒಂದೇ ಗಾತ್ರ ಇರುವುದಿಲ್ಲ, ಆದ್ದರಿಂದ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.

1000ದ ಪುಟ್ಟ ರೀಲ್ ಮುದ್ದಾಗಿ ಕಾಣುತ್ತದೆ. ಆದರೆ ಅದರ ಸ್ಪೂಲ್ ಸಣ್ಣದು. ಸಣ್ಣ ಸ್ಪೂಲಿಗೆ ಸುತ್ತಿದ ನೈಲಾನ್ ಸ್ಪ್ರಿಂಗಿನಂತೆ ಸುರುಳಿ ಕಟ್ಟಿಕೊಳ್ಳುತ್ತದೆ, ಆ ಸುರುಳಿ ರಾಡಿನ ಉಂಗುರಗಳಿಗೆ ತಾಗಿ ಬೆಂಡಿನ ವೇಗ ಕಡಿಮೆ ಮಾಡುತ್ತದೆ. ಅಗಲ ಸ್ಪೂಲಿನಲ್ಲಿ ದಾರ ದೊಡ್ಡ ಸುರುಳಿಯಲ್ಲಿ ನಿಧಾನವಾಗಿ ಬಿಚ್ಚುತ್ತದೆ.

ನಿಮ್ಮ ರಾಡನ್ನು ಅಂಗಡಿಗೆ ತೆಗೆದುಕೊಂಡೇ ಹೋಗಿ. ರೀಲ್ ಕೂರಿಸಿ, ಹಿಡಿಯುವ ಜಾಗದಲ್ಲಿ ಹಿಡಿದು ಐದು ನಿಮಿಷ ನಿಂತುಕೊಳ್ಳಿ. ಬೆಂಡು ಗಾಳಕ್ಕೆ ಉದ್ದ ರಾಡ್ ಒಳ್ಳೆಯದು, ಹತ್ತರಿಂದ ಹದಿಮೂರು ಅಡಿ. ಅಷ್ಟು ಉದ್ದದ ರಾಡಿಗೆ ತೀರಾ ಹಗುರ ರೀಲ್ ಹಾಕಿದರೆ ತುದಿ ಕೆಳಗೆ ಎಳೆಯುತ್ತದೆ, ಅರ್ಧ ಗಂಟೆಯಲ್ಲಿ ಮಣಿಕಟ್ಟು ನೋಯುತ್ತದೆ. ಇನ್ನೂರೈವತ್ತು ಮುನ್ನೂರು ಗ್ರಾಂ ತೂಗುವ ರೀಲ್ ಅಲ್ಲಿ ಹೊರೆ ಅನ್ನಿಸುವುದಿಲ್ಲ. ಇದನ್ನು ಕಾಗದ ನೋಡಿ ತೀರ್ಮಾನಿಸಲು ಆಗುವುದಿಲ್ಲ, ಕೈಯೇ ಹೇಳಬೇಕು.

ಸ್ಪೂಲ್: ಇಲ್ಲಿ ಸ್ವಲ್ಪ ಹೊತ್ತು ನಿಲ್ಲಿ

ರೀಲಿನಲ್ಲಿ ನಾನು ಮೊದಲು ನೋಡುವುದು ಸ್ಪೂಲಿನ ಅಂಚು. ಎಸೆಯುವಾಗ ದಾರ ಹಾದುಹೋಗುವುದು ಅದೇ ಅಂಚಿನ ಮೇಲೆ. ಅದು ಲೋಹದ್ದಾಗಿರಲಿ, ಕನ್ನಡಿಯಂತೆ ನುಣ್ಣಗಿರಲಿ. ಉಗುರನ್ನು ಅಂಚಿನ ಸುತ್ತ ಒಂದು ಸುತ್ತು ಎಳೆಯಿರಿ. ಎಲ್ಲಾದರೂ ತಡೆದರೆ ಆ ರೀಲನ್ನು ವಾಪಸ್ ಕೊಡಿ. 0.18ರ ದಾರಕ್ಕೆ ಅಷ್ಟು ಸಣ್ಣ ಗೀರು ಕೂಡ ಗರಗಸವೇ.

ಆಮೇಲೆ ಸ್ಪೂಲಿನ ಆಳ. ಅಂಗಡಿಯಲ್ಲಿ ಸಿಗುವ ಬಹಳಷ್ಟು ರೀಲುಗಳ ಸ್ಪೂಲ್ ಆಳವಾಗಿರುತ್ತದೆ, ದಪ್ಪ ದಾರಕ್ಕೆಂದು ಮಾಡಿದ್ದು. ಅದರ ಮೇಲೆ "0.25 – 200" ಎಂದು ಬರೆದಿದ್ದರೆ 0.25 ಮಿಲಿಮೀಟರ್ ದಪ್ಪದ ದಾರ 200 ಮೀಟರ್ ಹಿಡಿಯುತ್ತದೆ ಎಂದು ಅರ್ಥ. ನಿಮ್ಮದು 0.20ರ ದಾರವಾದರೆ ಎಷ್ಟು ಹಿಡಿಯುತ್ತದೆ? 0.25ನ್ನು 0.20ರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ, 200ರಿಂದ ಗುಣಿಸಿ. ಸುಮಾರು 312 ಮೀಟರ್ ಬರುತ್ತದೆ. ನೀವು ಎಸೆಯುವುದು ಮೂವತ್ತು ಮೀಟರ್. ನೂರು ಮೀಟರ್ ದಾರ ಸುತ್ತಿ ಸಾಕು ಅಂತ ಬಿಟ್ಟರೆ ಸ್ಪೂಲ್ ಮೂರರಲ್ಲಿ ಎರಡು ಪಾಲು ಖಾಲಿ, ದಾರ ಬಾವಿಯ ತಳದಲ್ಲಿ ಕೂತಂತೆ. ಎಸೆದಾಗ ಪ್ರತಿ ಸುರುಳಿಯೂ ಆ ಗೋಡೆ ಹತ್ತಿ ಬರಬೇಕು. ದೂರ ಹೇಗೆ ಹೋದೀತು?

ಹಾಗಾಗಿ ಆಳ ಕಡಿಮೆ ಇರುವ ಸ್ಪೂಲ್ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಕೆಲವು ರೀಲುಗಳ ಜೊತೆ ಎರಡು ಸ್ಪೂಲ್ ಕೊಡುತ್ತಾರೆ, ಒಂದು ಆಳದ್ದು, ಒಂದು ತೆಳುವಾದದ್ದು. ಬೆಂಡು ಗಾಳದವರಿಗೆ ಅದು ಒಳ್ಳೆಯ ವ್ಯಾಪಾರ. ಸಿಗಲಿಲ್ಲವೆಂದರೆ ಬೇಸರ ಬೇಡ, ತಳಕ್ಕೆ ಹಳೆಯ ದಾರ ಸುತ್ತಿ ಏರಿಸಿಕೊಳ್ಳಬಹುದು. ಎಷ್ಟು ಹಳೆ ದಾರ ಬೇಕು ಎಂದು ತಿಳಿಯಲು ಒಂದು ಉಪಾಯ ಇದೆ. ಮೊದಲು ಹೊಸ ದಾರವನ್ನೇ ಸ್ಪೂಲಿಗೆ ಸುತ್ತಿ. ಅದಕ್ಕೆ ಹಳೆ ದಾರ ಗಂಟು ಹಾಕಿ, ಸ್ಪೂಲ್ ತುಂಬುವವರೆಗೆ ಸುತ್ತಿ, ಕತ್ತರಿಸಿ. ಈಗ ಎಲ್ಲವನ್ನೂ ಬಿಚ್ಚಿ ಖಾಲಿ ಡಬ್ಬಕ್ಕೆ ಸುತ್ತಿಕೊಳ್ಳಿ. ಡಬ್ಬದಿಂದ ಇನ್ನೊಂದು ಡಬ್ಬಕ್ಕೆ ಸುತ್ತಿದರೆ ಹಳೆ ದಾರದ ತುದಿ ಹೊರಗೆ ಬರುತ್ತದೆ. ಅಲ್ಲಿಂದ ರೀಲಿಗೆ ಸುತ್ತಿ. ಹಳೆಯದು ತಳಕ್ಕೆ ಹೋಗಿ, ಹೊಸದು ಬೇಕಾದ ಮಟ್ಟಕ್ಕೆ ಸರಿಯಾಗಿ ನಿಲ್ಲುತ್ತದೆ. ಒಂದು ಸಂಜೆಯ ಕೆಲಸ, ಮಕ್ಕಳನ್ನು ಜೊತೆಗೆ ಕೂರಿಸಿಕೊಂಡರೆ ಬೇಗ ಮುಗಿಯುತ್ತದೆ.

ದಾರ ಅಂಚಿಗಿಂತ ಒಂದೂವರೆ ಎರಡು ಮಿಲಿಮೀಟರ್ ಕೆಳಗೆ ನಿಲ್ಲಬೇಕು. ಜಾಸ್ತಿ ತುಂಬಿದರೆ ಒಂದೇ ಸಲಕ್ಕೆ ಹತ್ತು ಸುರುಳಿ ಹಾರಿಬಂದು ಗಂಟು ಬೀಳುತ್ತದೆ.

ಡ್ರ್ಯಾಗ್: ನನ್ನಿಂದ ತಪ್ಪಿಹೋದ ಮೀನು

ಹಲವು ವರ್ಷಗಳ ಹಿಂದೆ, ಕಾರ್ತಿಕದ ಒಂದು ಬೆಳಗ್ಗೆ. ಕೆರೆ ಮೇಲೆ ಇನ್ನೂ ಮಂಜು ಇತ್ತು. ಬೆಂಡು ಕುಣಿಯಲಿಲ್ಲ, ಮುಳುಗಲೂ ಇಲ್ಲ. ಮೆಲ್ಲಗೆ ಎದ್ದು ನೀರಿನ ಮೇಲೆ ಅಡ್ಡ ಮಲಗಿತು. ತಳದಲ್ಲಿ ಮೇಯುವ ಮೀನು ಎರೆ ಬಾಯಿಗಿಟ್ಟು ತಲೆ ಎತ್ತಿದಾಗ ಹೀಗಾಗುತ್ತದೆ, ಬೆಂಡನ್ನು ನಿಲ್ಲಿಸಿದ್ದ ಸೀಸದ ಭಾರ ಮೀನಿನ ಬಾಯಿಗೆ ಹೋಗಿರುತ್ತದೆ. ರಾಡ್ ಎತ್ತಿದೆ. ಗೆಂಡೆ ಒಂದು ಕ್ಷಣ ನಿಂತು, ಆಮೇಲೆ ಓಡಿತು. ರೀಲ್ ದಾರ ಬಿಡಲಿಲ್ಲ. ಡ್ರ್ಯಾಗ್ ಅಂಟಿಕೊಂಡಿತ್ತು. ಟಪ್ ಎಂದು ಬೆಂಡಿನ ಮೇಲೆಯೇ ದಾರ ತುಂಡಾಯಿತು. ಆ ಕೆಂಪು ತುದಿಯ ಬೆಂಡು ನೀರಿನ ಮೇಲೆ ಸರಸರ ಹೋಗುವುದನ್ನು ನಾನು ನಿಂತು ನೋಡಿದೆ. ಮೀನಿನ ಬಾಯಲ್ಲಿ ಗಾಳ, ಗಾಳಕ್ಕೆ ದಾರ, ದಾರಕ್ಕೆ ಬೆಂಡು. ಆ ಮೀನು ಅದನ್ನೆಲ್ಲ ಎಳೆದುಕೊಂಡು ಜೊಂಡಿನೊಳಗೆ ಹೋಯಿತು. ಮೀನು ತಪ್ಪಿದ್ದಕ್ಕಿಂತ ಅದು ಹಾಗೆ ಹೋದದ್ದು ಇವತ್ತಿಗೂ ನನಗೆ ನೋವು ಕೊಡುತ್ತದೆ.

ಅವತ್ತಿನಿಂದ ಡ್ರ್ಯಾಗ್ ನೋಡದೆ ರೀಲ್ ಕೊಂಡಿಲ್ಲ. ಡ್ರ್ಯಾಗ್ ಅಂದರೆ ಸ್ಪೂಲಿನೊಳಗೆ ಒಂದರ ಮೇಲೊಂದು ಇಟ್ಟ ಬಿಲ್ಲೆಗಳು. ತಿರುಪು ಬಿಗಿ ಮಾಡಿದಷ್ಟೂ ಅವು ಒತ್ತಿಕೊಂಡು ಸ್ಪೂಲನ್ನು ಹಿಡಿದಿಡುತ್ತವೆ. ಮೀನಿನ ಎಳೆತ ಅದನ್ನು ಮೀರಿದಾಗ ಸ್ಪೂಲ್ ಜಾರಿ ದಾರ ಬಿಡುತ್ತದೆ. ನಿಮಗೆ ಬೇಕಿರುವುದು ಆ ಜಾರುವಿಕೆ ಮೊದಲ ಕ್ಷಣದಿಂದಲೇ ಒಂದೇ ಹದದಲ್ಲಿರುವುದು. "ಗರಿಷ್ಠ ಹತ್ತು ಕೆಜಿ" ಎಂಬ ಬರಹ ನಿಮ್ಮ ಉಪಯೋಗಕ್ಕೆ ಬರುವುದಿಲ್ಲ. ಮೂರು ಕೆಜಿಗೆ ಹರಿಯುವ ದಾರ ಹಾಕಿಕೊಂಡು ಹತ್ತು ಕೆಜಿ ಡ್ರ್ಯಾಗ್ ಏನು ಮಾಡುವುದು?

ಅಂಗಡಿಯಲ್ಲಿ ಹೀಗೆ ಪರೀಕ್ಷೆ ಮಾಡಿ. ಡ್ರ್ಯಾಗ್ ತಿರುಪನ್ನು ಬಹಳ ಸಡಿಲ ಮಾಡಿ. ಸ್ಪೂಲನ್ನು ಎರಡು ಬೆರಳಿನಿಂದ ನಿಧಾನ ತಿರುಗಿಸಿ. ಮೊದಲು ತಡೆದು, ಆಮೇಲೆ ಜಗ್ಗೆಂದು ಬಿಟ್ಟರೆ ಅದೇ ಅಂಟುವ ಡ್ರ್ಯಾಗ್. ತಿರುಪನ್ನು ಕಾಲು ಸುತ್ತು ಬಿಗಿ ಮಾಡಿ, ಮತ್ತೆ ತಿರುಗಿಸಿ. ಸ್ವಲ್ಪ ಸ್ವಲ್ಪವೇ ಬಿಗಿಯಾಗುತ್ತಾ ಹೋಗಬೇಕು. ಕೆಲವು ರೀಲುಗಳಲ್ಲಿ ಕಾಲು ಸುತ್ತಿಗೇ ಪೂರ್ತಿ ಲಾಕ್ ಆಗುತ್ತದೆ. ಅಂಥವು ಸಣ್ಣ ದಾರಕ್ಕೆ ಆಗಿಬರುವುದಿಲ್ಲ.

ಡ್ರ್ಯಾಗ್ ತಿರುಪು ಮುಂದೆ ಇರಬೇಕೋ ಹಿಂದೆಯೋ? ಮುಂದಿನದರಲ್ಲಿ ಬಿಲ್ಲೆಗಳು ದೊಡ್ಡವು, ಕೆಲಸ ನಯ. ಹಿಂದಿನದರಲ್ಲಿ ಮೀನು ಆಡಿಸುತ್ತಲೇ ಕೈ ಹಾಕಿ ತಿರುಗಿಸುವುದು ಸುಲಭ. ನನ್ನ ಆಯ್ಕೆ ಮುಂದಿನದು.

ಮನೆಗೆ ತಂದಮೇಲೆ ಹದ ಮಾಡುವುದು ಹೇಗೆ? ದಾರ ಹರಿಯುವ ತೂಕದ ನಾಲ್ಕನೇ ಒಂದು ಭಾಗಕ್ಕೆ ಡ್ರ್ಯಾಗ್ ಜಾರಬೇಕು. ಮೂರು ಕೆಜಿಯ ದಾರವಾದರೆ 750 ಗ್ರಾಂ. ತಕ್ಕಡಿ ಬೇಡ. ಒಂದು ಲೀಟರಿನ ನೀರಿನ ಬಾಟಲಿಗೆ ಮುಕ್ಕಾಲು ಭಾಗ ನೀರು ತುಂಬಿಸಿ. ದಾರವನ್ನು ರಾಡಿನ ಉಂಗುರಗಳಲ್ಲಿ ಪೋಣಿಸಿ ಬಾಟಲಿಯ ಕತ್ತಿಗೆ ಕಟ್ಟಿ. ರಾಡ್ ಬಾಗಿಸಿ ಎತ್ತಿ. ಬಾಟಲಿ ನೆಲ ಬಿಡುತ್ತಿದ್ದಂತೆ ಡ್ರ್ಯಾಗ್ ಜಾರಲು ಶುರುವಾದರೆ ಹದ ಸರಿ. ಇಲ್ಲಿ ಗಾಳದ ತುದಿಯ ದಾರವನ್ನು ಮರೆಯಬೇಡಿ. ಗಾಳಕ್ಕೆ ಕಟ್ಟುವ ಒಂದು ಮೊಳ ದಾರ ಯಾವಾಗಲೂ ರೀಲಿನ ದಾರಕ್ಕಿಂತ ಸಣ್ಣದಿರಲಿ. ಹರಿದರೆ ಅಲ್ಲೇ ಹರಿಯುತ್ತದೆ, ಬೆಂಡು ಸೀಸ ಎಲ್ಲ ನಿಮ್ಮ ಹತ್ತಿರ ಉಳಿಯುತ್ತದೆ, ಮೀನು ಹಗ್ಗ ಎಳೆದುಕೊಂಡು ಹೋಗುವ ಪಾಡು ಬರುವುದಿಲ್ಲ. ಹಾಗೆ ಕಟ್ಟಿದಾಗ ಲೆಕ್ಕ ಹಾಕಬೇಕಾದದ್ದು ಆ ಸಣ್ಣ ದಾರದ ತೂಕಕ್ಕೆ.

ದಾರ ಹೊರಗೆ ಹೋದಷ್ಟೂ ಸ್ಪೂಲಿನಲ್ಲಿ ಸುತ್ತು ಚಿಕ್ಕದಾಗುತ್ತದೆ, ಡ್ರ್ಯಾಗ್ ತಾನಾಗಿಯೇ ಬಿಗಿಯಾದಂತೆ ಆಗುತ್ತದೆ. ಸುತ್ತಿನ ಅಗಲ ಅರ್ಧಕ್ಕೆ ಇಳಿದರೆ ಅದೇ ಡ್ರ್ಯಾಗನ್ನು ಜಾರಿಸಲು ಎರಡು ಪಟ್ಟು ಎಳೆಯಬೇಕು. ದೊಡ್ಡ ಮೀನು ದೂರ ಓಡಿದಾಗ ಬಿಗಿ ಮಾಡಲು ಹೋಗದೆ ಸ್ವಲ್ಪ ಸಡಿಲಿಸಬೇಕು ಎನ್ನುವುದು ಇದಕ್ಕೇ.

ಗೇರ್, ಹಿಡಿ, ಕಮಾನು

ರೀಲಿನ ಮೇಲೆ ಗೇರ್ 5.0:1 ಎಂದಿದ್ದರೆ ಹಿಡಿ ಒಂದು ಸುತ್ತಿಗೆ ದಾರ ಸ್ಪೂಲಿನ ಸುತ್ತ ಐದು ಸಲ ಸುತ್ತಿಕೊಳ್ಳುತ್ತದೆ. ಸ್ಪೂಲ್ 47 ಮಿಲಿಮೀಟರ್ ಅಗಲವಿದ್ದರೆ ಒಂದು ಸುತ್ತಿಗೆ ಸುಮಾರು 74 ಸೆಂಟಿಮೀಟರ್ ದಾರ. ಅದೇ ಸ್ಪೂಲಿಗೆ 6.2:1 ಗೇರ್ ಇದ್ದರೆ 92 ಸೆಂಟಿಮೀಟರ್. ಮೂವತ್ತು ಮೀಟರ್ ದೂರದ ಬೆಂಡನ್ನು ವಾಪಸ್ ತರಲು ಮೊದಲನೆಯದಕ್ಕೆ ನಲವತ್ತೊಂದು ಸುತ್ತು, ಎರಡನೆಯದಕ್ಕೆ ಮೂವತ್ತಮೂರು. ವ್ಯತ್ಯಾಸ ಇಷ್ಟೇ. ವೇಗದ ಗೇರಿನಲ್ಲಿ ಭಾರದ ಮೀನು ಬಂದಾಗ ಹಿಡಿ ತಿರುಗಿಸುವುದು ಗಟ್ಟಿ. ಐದರ ಆಸುಪಾಸಿನದನ್ನೇ ನಾನು ಹೇಳುತ್ತೇನೆ. ಬೆಂಡು ಗಾಳದಲ್ಲಿ ಅವಸರ ಯಾರಿಗಿದೆ, ಅಲ್ವಾ?

ಕಮಾನು ಮಗುಚುವಾಗ ಟಕ್ ಎಂದು ಗಟ್ಟಿಯಾಗಿ ನಿಲ್ಲಬೇಕು. ಎಸೆಯುವ ನಡುವೆ ತಾನಾಗಿ ಮುಚ್ಚಿಕೊಂಡರೆ ಬೆಂಡು ಹರಿದುಕೊಂಡು ಹೋಗುತ್ತದೆ. ಕಮಾನಿನ ತುದಿಯ ರೋಲರನ್ನು ಬೆರಳಿಂದ ತಿರುಗಿಸಿ ನೋಡಿ. ಅದು ತಿರುಗದಿದ್ದರೆ ದಾರ ಅದರ ಮೇಲೆ ಉಜ್ಜಿ ಹೋಗುತ್ತದೆ, ತಿರುಚಿಕೊಳ್ಳುತ್ತದೆ. ಬಹಳ ಜನ ರೋಲರ್ ಕಡೆ ನೋಡುವುದೇ ಇಲ್ಲ.

ಹಿಡಿಯನ್ನು ಹಿಂದಕ್ಕೆ ತಿರುಗಿಸಲು ಬಿಡುವ ಪುಟ್ಟ ಕೀಲು ಕೆಲವು ರೀಲುಗಳ ಹೊಟ್ಟೆಯಲ್ಲಿ ಇರುತ್ತದೆ. ಈಚಿನ ಎಷ್ಟೋ ಮಾದರಿಗಳಲ್ಲಿ ಅದನ್ನು ತೆಗೆದುಬಿಟ್ಟಿದ್ದಾರೆ. ಸಿಕ್ಕರೆ ಅದಿರುವುದನ್ನೇ ಕೊಳ್ಳಿ. ಸಣ್ಣ ದಾರದಲ್ಲಿ ಮೀನು ಆಡಿಸುವಾಗ ಡ್ರ್ಯಾಗನ್ನು ನಂಬದೆ ಹಿಡಿಯನ್ನೇ ಹಿಂದೆ ತಿರುಗಿಸಿ ದಾರ ಕೊಡುವ ಕ್ರಮ ಒಂದಿದೆ. ಕಲಿತರೆ ಮೀನಿನ ಪ್ರತಿ ತಲೆಯಲ್ಲಾಟವೂ ಬೆರಳಿಗೆ ಗೊತ್ತಾಗುತ್ತದೆ.

ಸ್ಪೂಲಿನ ಪಕ್ಕದಲ್ಲಿ ದಾರ ಸಿಕ್ಕಿಸುವ ಕ್ಲಿಪ್ ಇರುತ್ತದೆ. ಒಂದೇ ದೂರಕ್ಕೆ ಮತ್ತೆ ಮತ್ತೆ ಎಸೆಯಬೇಕಾದಾಗ ಆ ದೂರದಲ್ಲಿ ದಾರವನ್ನು ಅಲ್ಲಿ ಸಿಕ್ಕಿಸುತ್ತಾರೆ. ಕಡಲೆ ಹಿಂಡಿ, ತೌಡು ಕಲಸಿ ಒಂದೇ ಜಾಗಕ್ಕೆ ಮೇವು ಹಾಕುವವರಿಗೆ ಇದು ಬೇಕೇ ಬೇಕು. ಆದರೆ ದೊಡ್ಡ ಮೀನು ನಿರೀಕ್ಷೆ ಇದ್ದರೆ ಎಸೆದ ಕೂಡಲೇ ದಾರ ಬಿಡಿಸಿಬಿಡಿ, ಇಲ್ಲವಾದರೆ ಓಡುವ ಮೀನು ಕ್ಲಿಪ್ಪಿಗೆ ಬಂದು ನಿಂತು ದಾರ ಹರಿಯುತ್ತದೆ.

ಬೇರಿಂಗ್ ಲೆಕ್ಕ ನೋಡಬೇಡಿ. ನಾಲ್ಕು ಒಳ್ಳೆಯ ಬೇರಿಂಗ್ ಇರುವ ರೀಲ್ ಹದಿಮೂರು ಅಗ್ಗದ ಬೇರಿಂಗ್ ಇರುವುದಕ್ಕಿಂತ ಹೆಚ್ಚು ಕಾಲ ಬಾಳುತ್ತದೆ. ಹಿಡಿ ಹಿಡಿದು ಆಚೀಚೆ ಅಲ್ಲಾಡಿಸಿ, ಕಿವಿಯ ಹತ್ತಿರ ಇಟ್ಟು ನಿಧಾನ ಸುತ್ತಿ. ಕಟಕಟ ಎಂದರೆ ಬೇಡ. ಒಟ್ಟು ನಾಲ್ಕು ಸಾವಿರ ರೂಪಾಯಿ ಇಟ್ಟುಕೊಂಡಿದ್ದರೆ ಅರ್ಧ ರೀಲಿಗೆ ಹಾಕಿ, ಉಳಿದದ್ದರಲ್ಲಿ ರಾಡ್, ಮತ್ತು ಮರೆಯದೆ ಒಳ್ಳೆಯ ದಾರ. ದುಬಾರಿ ರೀಲಿಗೆ ಅಗ್ಗದ ದಾರ ಸುತ್ತುವುದು ಹೊಸ ಬಾವಿಗೆ ಹಳೆ ಹಗ್ಗ ಹಾಕಿದಂತೆ.

ದಾರ ಸುತ್ತಿ, ಕೆರೆಗೆ ಇಳಿಯುವಾಗ

ಬೆಂಡು ಗಾಳಕ್ಕೆ ನೈಲಾನ್ ದಾರವೇ ಸರಿ, ಹೆಣೆದ ದಾರ ಬೇಡ. ನೈಲಾನ್ ನೀರಿಗಿಂತ ಸ್ವಲ್ಪ ಭಾರ, ಸಾಂದ್ರತೆ 1.14ರಷ್ಟು. ಹೆಣೆದ ದಾರದ್ದು 0.97, ಅದು ತೇಲುತ್ತದೆ. ಆಷಾಢದ ಗಾಳಿ ಬೀಸುವಾಗ ತೇಲುವ ದಾರ ಬಿಲ್ಲಿನಂತೆ ಬಾಗಿ ಬೆಂಡನ್ನು ಎಳೆದುಕೊಂಡೇ ಹೋಗುತ್ತದೆ. ನೈಲಾನಿಗೆ ಸ್ವಲ್ಪ ಹಿಗ್ಗುವ ಗುಣವೂ ಇದೆ, ಮೀನಿನ ಮೊದಲ ಜಗ್ಗಾಟವನ್ನು ಅದು ತಾಳಿಕೊಳ್ಳುತ್ತದೆ.

ಸುತ್ತುವಾಗ ಅಂಗಡಿಯ ದಾರದ ಬಿಲ್ಲೆಯನ್ನು ಚೀಟಿ ಮೇಲೆ ಬರುವಂತೆ ನೆಲದ ಮೇಲೆ ಮಲಗಿಸಿ. ಒದ್ದೆ ಬಟ್ಟೆಯಲ್ಲಿ ದಾರ ಹಿಡಿದು ಹತ್ತು ಸುತ್ತು ಸುತ್ತಿ, ನಿಲ್ಲಿಸಿ, ದಾರ ಸಡಿಲ ಬಿಡಿ. ತಿರುಚಿ ಸುತ್ತಿಕೊಂಡರೆ ಬಿಲ್ಲೆಯನ್ನು ಮಗುಚಿ ಹಾಕಿ ಮುಂದುವರಿಸಿ.

ನೀರಿನ ಹತ್ತಿರ ಎಸೆಯುವ ಕ್ರಮ ಹೀಗಿರಲಿ. ಬೆಂಡು ಬೀಳಬೇಕಾದ ಜಾಗಕ್ಕಿಂತ ಎರಡು ಮೂರು ಮೀಟರ್ ಮುಂದೆ ಎಸೆಯಿರಿ. ಬೆಂಡು ನೀರಿಗೆ ಬೀಳುವ ಮುಂಚೆ ಸ್ಪೂಲಿನ ಅಂಚಿಗೆ ಬೆರಳು ತಾಗಿಸಿ ಮೆಲ್ಲಗೆ ತಡೆಯಿರಿ, ಸದ್ದು ಕಡಿಮೆಯಾಗುತ್ತದೆ. ಬೆರಳು ಅಂಚನ್ನು ಮುಟ್ಟುವಷ್ಟು ಹತ್ತಿರದಲ್ಲಿ ಸ್ಪೂಲ್ ಇದೆಯೇ ಎಂದು ಅಂಗಡಿಯಲ್ಲೇ ನೋಡಿರಬೇಕು. ಕಮಾನನ್ನು ಹಿಡಿ ತಿರುಗಿಸಿ ಮುಚ್ಚಬೇಡಿ, ಕೈಯಿಂದಲೇ ಮಗುಚಿ. ಆಮೇಲೆ ರಾಡಿನ ತುದಿಯನ್ನು ನೀರಿನೊಳಗೆ ಒಂದು ಗೇಣು ಅದ್ದಿ, ಚುರುಕಾಗಿ ಎರಡು ಮೂರು ಸುತ್ತು ಸುತ್ತಿ. ದಾರ ನೀರಿನೊಳಗೆ ಇಳಿಯುತ್ತದೆ, ಗಾಳಿ ಅದನ್ನು ಮುಟ್ಟುವುದಿಲ್ಲ. ಹೊಸ ದಾರ ಮುಳುಗಲು ಹಠ ಮಾಡಿದರೆ ಪಾತ್ರೆ ತೊಳೆಯುವ ಸೋಪಿನ ನೀರಲ್ಲಿ ಅದ್ದಿದ ಬಟ್ಟೆಯಿಂದ ಒಮ್ಮೆ ಒರೆಸಿ, ಜಿಡ್ಡು ಹೋಗುತ್ತದೆ.

ನೀರು ನಿಮ್ಮ ರಾಡಿಗಿಂತ ಆಳ ಇದ್ದರೆ ಜಾರುವ ಬೆಂಡು ಹಾಕಬೇಕು. ದಾರಕ್ಕೆ ಇನ್ನೊಂದು ತುಂಡು ದಾರದಿಂದ ತಡೆಗಂಟು ಹಾಕಿ, ಬೆಂಡು ಅಲ್ಲಿಯವರೆಗೆ ಜಾರಿ ನಿಲ್ಲುವಂತೆ ಮಾಡುವುದು. ಆ ಗಂಟಿನ ಎರಡು ತುದಿಗಳನ್ನು ಒಂದು ಇಂಚು ಉದ್ದ ಬಿಡಿ. ಮೊಂಡಾಗಿ ಕತ್ತರಿಸಿದರೆ ಸ್ಪೂಲಿನಿಂದ ಬಿಚ್ಚುವಾಗ ಪಕ್ಕದ ಸುರುಳಿಗೆ ಸಿಕ್ಕಿಕೊಳ್ಳುತ್ತದೆ, ಉದ್ದ ಇದ್ದರೆ ಬಾಗಿ ಹಾದುಹೋಗುತ್ತದೆ.

ಮನೆಗೆ ಬಂದಮೇಲೆ

ರಾಗಿ ಹಿಟ್ಟು, ಹಿಂಡಿ ಕಲಸಿದ ಕೈಯಲ್ಲೇ ರೀಲ್ ಮುಟ್ಟಿರುತ್ತೇವೆ. ಅದು ಒಣಗಿ ರೋಲರಿನ ಸಂದಿಯಲ್ಲಿ ಕೂತರೆ ಗಾರೆ ಹಾಕಿದಂತೆ. ಒದ್ದೆ ಬಟ್ಟೆಯಿಂದ ಒರೆಸಿ, ನೆರಳಲ್ಲಿ ಒಣಗಿಸಿ. ಬಕೆಟ್ಟಿನಲ್ಲಿ ಮುಳುಗಿಸಬೇಡಿ. ರೋಲರಿಗೂ ಹಿಡಿಯ ಕೀಲಿಗೂ ಹೊಲಿಗೆ ಮಷಿನ್ನಿನ ಎಣ್ಣೆ ಒಂದೊಂದು ಹನಿ ಸಾಕು. ತೆಂಗಿನೆಣ್ಣೆ ಹಾಕಬೇಡಿ, ಚಳಿಗೆ ಗಟ್ಟಿಯಾಗಿಬಿಡುತ್ತದೆ. ಡ್ರ್ಯಾಗಿನ ಬಿಲ್ಲೆಗಳ ಹತ್ತಿರ ಯಾವ ಎಣ್ಣೆಯೂ ಹೋಗದಿರಲಿ.

ಪ್ರತಿ ಸಲ ಮನೆಗೆ ಬಂದಕೂಡಲೇ ಡ್ರ್ಯಾಗ್ ತಿರುಪನ್ನು ಪೂರ್ತಿ ಸಡಿಲ ಮಾಡಿಡಿ. ಬಿಗಿಯಾಗಿಯೇ ವಾರಗಟ್ಟಲೆ ಬಿಟ್ಟರೆ ಬಿಲ್ಲೆಗಳು ಒಂದಕ್ಕೊಂದು ಅಂಟುತ್ತವೆ. ಆ ಕಾರ್ತಿಕದ ಬೆಳಗ್ಗೆ ನನ್ನ ರೀಲಿಗೆ ಆಗಿದ್ದು ಅದೇ. ಮಳೆಗಾಲ ಪೂರ್ತಿ ಬಿಗಿ ಮಾಡಿಯೇ ಗೂಡಿನಲ್ಲಿ ಇಟ್ಟಿದ್ದೆ.

ಆರು ತಿಂಗಳಿಗೊಮ್ಮೆ ಮೇಲಿನ ಐವತ್ತು ಮೀಟರ್ ದಾರ ಬೆರಳಲ್ಲಿ ಸವರಿ ನೋಡಿ. ಒರಟು ಸಿಕ್ಕರೆ ಇಡೀ ದಾರ ಬಿಸಾಡಬೇಕಾಗಿಲ್ಲ. ಬಿಚ್ಚಿ ಡಬ್ಬಕ್ಕೆ ಸುತ್ತಿ, ಅಲ್ಲಿಂದ ಇನ್ನೊಂದು ಡಬ್ಬಕ್ಕೆ ಸುತ್ತಿ, ಸವೆದ ತುದಿಯಿಂದಲೇ ರೀಲಿಗೆ ವಾಪಸ್ ಸುತ್ತಿ. ಇದುವರೆಗೆ ನೀರನ್ನೇ ನೋಡದ ತಳದ ದಾರ ಮೇಲೆ ಬರುತ್ತದೆ. ಕತ್ತರಿಸಿ ತೆಗೆದ ತುಂಡುಗಳನ್ನು ಕೆರೆ ದಂಡೆಯಲ್ಲಿ ಬಿಡದೆ ಜೇಬಿಗೆ ಹಾಕಿಕೊಂಡು ಬನ್ನಿ, ಕೊಕ್ಕರೆಗಳ ಕಾಲಿಗೆ ಸುತ್ತಿಕೊಳ್ಳುವುದು ಅಂಥ ತುಂಡುಗಳೇ.